ಕತ್ತಿನ ಹಿಂದಿನ ಕೂದಲು ಯಾಕೆ ತುಂಡಾಗುತ್ತಿದೆ?

ಪ್ರಶ್ನೆ: ಅಕ್ಕ, ನನಗೆ 29 ವರ್ಷ. ಗುಂಗುರು ಕೂದಲು, ಸೊಂಟದ ಹತ್ತಿರ ಬರುತ್ತದೆ. ಒಂದು ವರ್ಷದಿಂದ ರಾತ್ರಿ ಮಲಗುವಾಗ ಸ್ಯಾಟಿನ್ ಟೋಪಿ ಹಾಕಿಕೊಳ್ಳುತ್ತಿದ್ದೇನೆ, ಆನ್‌ಲೈನ್‌ನಲ್ಲಿ ತರಿಸಿದ್ದು. ಮೇಲಿನ ಕೂದಲೆಲ್ಲ ಚೆನ್ನಾಗಿದೆ, ಬೆಳಗ್ಗೆ ಸಿಕ್ಕು ಕೂಡ ಕಡಿಮೆ. ಆದರೆ ಕತ್ತಿನ ಹಿಂದೆ, ಕೂದಲು ಶುರುವಾಗುವ ಜಾಗದಲ್ಲಿ, ಎರಡು ಇಂಚಿನ ಚೂರುಗಳೇ ಉಳಿದಿವೆ. ಜಡೆ ಹಾಕಿದರೆ ಎಲ್ಲ ಹೊರಗೆ ನಿಂತು ಚುಚ್ಚುತ್ತವೆ. ಅಮ್ಮ ‘ಮೊದಲು ಆ ಟೋಪಿ ಬಿಸಾಕು’ ಅನ್ನುತ್ತಾರೆ. ಇಷ್ಟು ಜೋಪಾನ ಮಾಡಿದರೂ ಹೀಗೇಕೆ? ಕೆಲಸಕ್ಕೆ ಸ್ಕೂಟರ್‌ನಲ್ಲಿ ಹೋಗುತ್ತೇನೆ. ಬೆಳಗ್ಗೆ ಸಮಯ ಇಲ್ಲದ್ದರಿಂದ ತಲೆಸ್ನಾನ ರಾತ್ರಿಯೇ. ಕೂದಲಿಗೆ ಅಂತ ಹೇಳುವ ಬಯೋಟಿನ್ ವಿಟಮಿನ್ ಮಾತ್ರೆ ಶುರು ಮಾಡಲಾ?
— ಹೆಸರು ಬೇಡ, ಜೆ.ಪಿ. ನಗರ

ಉತ್ತರ: ಅಮ್ಮ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಟೋಪಿ ಬಿಸಾಡಬೇಡಿ, ಆದರೆ ಇವತ್ತು ಅದನ್ನು ತಿರುಗಿಸಿ ಅದರ ಅಂಚು ನೋಡಿ. ಒಳಗೆಲ್ಲ ನುಣುಪು ಬಟ್ಟೆ ಇರುತ್ತದೆ, ಅಂಚಿನಲ್ಲಿ ಮಾತ್ರ ಎಲಾಸ್ಟಿಕ್, ಅದರ ಮೇಲೆ ಒರಟು ಹೊಲಿಗೆ. ಆ ಎಲಾಸ್ಟಿಕ್ ಎಲ್ಲಿ ಕೂರುತ್ತದೆ? ನಿಮ್ಮ ಕೂದಲು ತುಂಡಾಗುತ್ತಿರುವ ಜಾಗದಲ್ಲೇ, ಅಲ್ವಾ? ನಿದ್ದೆಯಲ್ಲಿ ನೀವು ಮಗ್ಗುಲು ಬದಲಿಸಿದಾಗಲೆಲ್ಲ ಅದು ಅಲ್ಲೇ ಹಿಂದೆ ಮುಂದೆ ಜರುಗುತ್ತದೆ, ಕೂದಲು ಅದಕ್ಕೂ ದಿಂಬಿಗೂ ನಡುವೆ ಸಿಕ್ಕಿ ಉಜ್ಜುತ್ತದೆ, ಒಂದು ರಾತ್ರಿಯಲ್ಲಿ ಏನೂ ಕಾಣುವುದಿಲ್ಲ, ಒಂದು ವರ್ಷದಲ್ಲಿ ಕಾಣುತ್ತದೆ.

ಮಾತ್ರೆ ಈಗ ಬೇಡ. ಯಾಕೆ ಅಂದರೆ, ಒಳಗಿನ ಕೊರತೆಯಿಂದ ಆಗಿದ್ದರೆ ಇಡೀ ತಲೆಯ ಕೂದಲಿಗೆ ಆಗಬೇಕಿತ್ತು. ಬೋರ್‌ವೆಲ್ ನೀರಿಗೂ ಇದೇ ಮಾತು. ನಮ್ಮ ಊರಿನ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ, ಅದರಿಂದ ಕೂದಲು ಒರಟಾಗುತ್ತದೆ, ಒರಟಾದ ಕೂದಲು ಬೇಗ ತುಂಡಾಗುತ್ತದೆ, ಎಲ್ಲ ನಿಜ. ಆದರೆ ನೀರು ಕತ್ತಿನ ಹಿಂದಕ್ಕೆ ಮಾತ್ರ ಬೀಳುವುದಿಲ್ಲ. ಒಂದೇ ಜಾಗದಲ್ಲಿ ತುಂಡಾಗುತ್ತಿದ್ದರೆ ಆ ಜಾಗವನ್ನು ಏನು ಮುಟ್ಟುತ್ತಿದೆ ಅಂತ ಮೊದಲು ಹುಡುಕಬೇಕು.

ಅದಕ್ಕೂ ಮೊದಲು ಅದು ತುಂಡಾಗಿದ್ದೇ ಅಂತ ಖಚಿತ ಮಾಡಿಕೊಳ್ಳಿ. ಆ ಚೂರುಗಳ ಹಿಂದೆ ಬಿಳಿ ಕಾಗದ ಹಿಡಿದು ಫೋನ್‌ನಲ್ಲಿ ಫೋಟೊ ತೆಗೆಯಲು ಅಮ್ಮನಿಗೆ ಹೇಳಿ. ಹೊಸದಾಗಿ ಹುಟ್ಟುತ್ತಿರುವ ಕೂದಲಾದರೆ ತುದಿ ಸಣ್ಣಗೆ ಚೂಪಾಗಿರುತ್ತದೆ. ತುಂಡಾದದ್ದಾದರೆ ತುದಿ ಮೊಂಡಾಗಿ ಅಥವಾ ಸೀಳಿಕೊಂಡು ಇರುತ್ತದೆ. ದಿಂಬಿನ ಮೇಲೆ ಸಿಕ್ಕ ಕೂದಲನ್ನೂ ನೋಡಿ. ಬುಡದಲ್ಲಿ ಬಿಳಿ ಗಂಟು ಇದ್ದರೆ ಅದು ಬುಡದಿಂದ ಉದುರಿದ್ದು. ದಿನಕ್ಕೆ 50ರಿಂದ 100 ಕೂದಲು ಹಾಗೆ ಉದುರುವುದು ಸಹಜ. ಗಂಟಿಲ್ಲದ ಸಣ್ಣ ಚೂರುಗಳೇ ಜಾಸ್ತಿ ಇದ್ದರೆ ಒಡೆಯುತ್ತಿದೆ ಅಂತ ಅರ್ಥ.

ಈಗ ಟೋಪಿ. ಬೆಳಗ್ಗೆ ತೆಗೆದಾಗ ಚರ್ಮದ ಮೇಲೆ ಗೆರೆ ಬಿದ್ದಿದ್ದರೆ ಅದು ಬಿಗಿ. ಮನೆ ಹತ್ತಿರದ ಟೈಲರ್‌ಗೆ ಕೊಟ್ಟು ಎಲಾಸ್ಟಿಕ್ ತೆಗೆಸಿ, ಅಂಚನ್ನು ಅಗಲ ಮಾಡಿಸಿ, ಒಳಭಾಗಕ್ಕೂ ಸ್ಯಾಟಿನ್ ಕೊಡಿಸಿ, ಒಳಗೆ ಲಾಡಿ ಹಾಕಿಸಿ. ಗಂಟು ಹಣೆಯ ಕಡೆ ಬರಲಿ, ಹಿಂದೆ ಬೇಡ. ಎರಡು ಬೆರಳು ಸಲೀಸಾಗಿ ಒಳಗೆ ಹೋಗುವಷ್ಟು ಸಡಿಲ ಸಾಕು. ಅಂಚು ಕೂದಲಿನ ಮೇಲೆ ಕೂರದೆ ಅದಕ್ಕಿಂತ ಕೆಳಗೆ, ಕತ್ತಿನ ಚರ್ಮದ ಮೇಲೆ ಬರುವಷ್ಟು ಟೋಪಿ ದೊಡ್ಡದಿರಬೇಕು. ನಿಮ್ಮ ಉದ್ದ ಕೂದಲಿಗೆ ಸಣ್ಣ ಟೋಪಿ ಸಾಲುವುದೇ ಇಲ್ಲ, ಹಿಂದಿನಿಂದ ಮೇಲಕ್ಕೆ ಜಾರುತ್ತದೆ.

ಇನ್ನೊಂದು ಅನುಮಾನ ನನಗಿದೆ. ಅಷ್ಟು ಉದ್ದದ ಕೂದಲನ್ನು ಟೋಪಿಯೊಳಗೆ ತುರುಕಲು ನೀವು ನೆತ್ತಿಯ ಮೇಲೆ ತುರುಬು ಕಟ್ಟುತ್ತಿರಬಹುದು. ಹಾಗೆ ಎತ್ತಿ ಕಟ್ಟಿದರೆ ಮೊದಲು ಎಳೆತ ಬೀಳುವುದು ಕತ್ತಿನ ಹಿಂದಿನ ಕೂದಲಿಗೆ, ಅದೂ ಏಳೆಂಟು ಗಂಟೆ. ಅದರ ಬದಲು ಸಡಿಲವಾಗಿ ಎರಡು ಜಡೆ ಹಾಕಿ, ತುದಿಗೆ ಬಟ್ಟೆ ಸುತ್ತಿದ ಬ್ಯಾಂಡ್ ಹಾಕಿ ಹೆಗಲ ಮುಂದಕ್ಕೆ ಬಿಟ್ಟುಕೊಂಡು ಮಲಗಿ. ಟೋಪಿ ಬೇಡ ಅನ್ನಿಸಿದರೆ ದಿಂಬಿಗೇ ನುಣುಪು ಕವರ್ ಹಾಕಿ. ಸ್ಯಾಟಿನ್ ಅನ್ನುವುದು ನೇಯ್ಗೆಯ ಹೆಸರು, ರೇಷ್ಮೆ ಅನ್ನುವುದು ನೂಲು. ಪಾಲಿಯೆಸ್ಟರ್ ಸ್ಯಾಟಿನ್ ಕೂಡ ಹತ್ತಿಗಿಂತ ಕಡಿಮೆ ಉಜ್ಜುತ್ತದೆ, ಆದ್ದರಿಂದ ದುಬಾರಿ ರೇಷ್ಮೆ ಕವರ್ ಕೊಳ್ಳಲೇಬೇಕಿಲ್ಲ. ಚಿಕ್ಕಪೇಟೆ ಕಡೆ ಹೋದಾಗ ಮೀಟರ್ ಲೆಕ್ಕದಲ್ಲಿ ಸ್ಯಾಟಿನ್ ಬಟ್ಟೆ ತಂದು ಹೊಲಿಸಬಹುದು. ಅಮ್ಮನ ಬೀರುವಿನಲ್ಲಿ ಅಂಚು ಹರಿದ ಹಳೇ ರೇಷ್ಮೆ ಸೀರೆ ಇದ್ದರೆ ಅದು ಇನ್ನೂ ಒಳ್ಳೆಯದು. ಜರಿ ಇಲ್ಲದ ಒಡಲಿನ ಭಾಗವನ್ನೇ ಬಳಸಿ, ಜರಿ ಕೂದಲನ್ನು ಎಳೆಯುತ್ತದೆ.

ರಾತ್ರಿ ತಲೆಸ್ನಾನದ ವಿಷಯ ಇದಕ್ಕಿಂತ ದೊಡ್ಡದು. ಒದ್ದೆ ಕೂದಲು ಒಣ ಕೂದಲಿಗಿಂತ ಜಾಸ್ತಿ ಹಿಗ್ಗುತ್ತದೆ, ಬಲ ಕಡಿಮೆ, ಸ್ವಲ್ಪ ಎಳೆದರೂ ತುಂಡಾಗುತ್ತದೆ. ಗುಂಗುರು ಕೂದಲಲ್ಲಿ ಎಲ್ಲಕ್ಕಿಂತ ಕೊನೆಗೆ ಒಣಗುವುದು ಕತ್ತಿನ ಹಿಂದಿನ ಪದರ. ಮೇಲೆ ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಒಳಗೆ ತೇವ. ಅದರ ಮೇಲೆ ಟೋಪಿ ಹಾಕಿದರೆ ಬೆಳಗಿನವರೆಗೂ ಆ ತೇವ ಹೋಗುವುದಿಲ್ಲ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಆದ್ದರಿಂದ ತಲೆಸ್ನಾನವನ್ನು ರಜೆಯ ಬೆಳಗ್ಗೆಗೆ ತಳ್ಳಿ. ಆಗದಿದ್ದರೆ ಕೆಲಸದಿಂದ ಬಂದ ತಕ್ಷಣ ಮಾಡಿ, ಮಲಗುವ ಹೊತ್ತಿಗೆ ಮೂರು ನಾಲ್ಕು ಗಂಟೆ ಸಿಗಲಿ. ಟವೆಲ್‌ನಿಂದ ಗಸಗಸ ಉಜ್ಜಬೇಡಿ, ತೆಳು ಹತ್ತಿ ಪಂಚೆಯಲ್ಲಿ ಒತ್ತಿ ನೀರು ತೆಗೆಯಿರಿ. ಸಿಕ್ಕು ಬಿಡಿಸುವುದನ್ನು ಕಂಡೀಷನರ್ ಇರುವಾಗಲೇ, ಬೆರಳಿಂದ ಅಥವಾ ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಶುರು ಮಾಡಿ ನಿಧಾನವಾಗಿ ಬುಡದ ಕಡೆಗೆ ಹೋಗಿ.

ಹಗಲಿನ ಹೊತ್ತು ಎರಡು ಕಡೆ ಕಣ್ಣಿಡಿ. ಒಂದು ಹೆಲ್ಮೆಟ್. ಕತ್ತಿನ ಹತ್ತಿರ ಪೋನಿಟೇಲ್ ಕಟ್ಟಿದರೆ ಹೆಲ್ಮೆಟ್ಟಿನ ಹಿಂದಿನ ಅಂಚು ಅದರ ಮೇಲೇ ಕೂರುತ್ತದೆ, ಸಿಗ್ನಲ್‌ನಲ್ಲಿ ತಲೆ ತಿರುಗಿಸಿದಾಗಲೆಲ್ಲ ಉಜ್ಜುತ್ತದೆ. ಸಡಿಲ ಜಡೆ ಹಾಕಿ, ಒಳಗೆ ತೆಳು ಸ್ಯಾಟಿನ್ ಬಟ್ಟೆ ಕಟ್ಟಿಕೊಳ್ಳಿ. ಹೆಲ್ಮೆಟ್ ಮಾತ್ರ ತಲೆಗೆ ಸರಿಯಾಗಿ ಕೂತು, ಪಟ್ಟಿ ಬಿಗಿಯಾಗಿಯೇ ಇರಲಿ, ಅದರಲ್ಲಿ ಸಡಿಲ ಬೇಡ. ಇನ್ನೊಂದು ಕತ್ತಿನ ಸರ. ನನಗೆ ಮದುವೆಯಾದ ಹೊಸದರಲ್ಲಿ ಸಣ್ಣ ಚೈನಿನ ಕೊಂಡಿಗೆ ದಿನಾ ಕೂದಲು ಸಿಕ್ಕಿಕೊಳ್ಳುತ್ತಿತ್ತು, ‘ಆಯ್’ ಅಂತ ಎಳೆದು ಬಿಡಿಸಿಕೊಳ್ಳುತ್ತಿದ್ದೆ. ಆ ಜಾಗ ತೆಳ್ಳಗಾಗಿದ್ದು ಗೊತ್ತಾಗಲು ತಿಂಗಳುಗಳೇ ಬೇಕಾದವು. ರಾತ್ರಿ ತೆಗೆದಿಡಬಹುದಾದ ಸರವನ್ನು ತೆಗೆದಿಡಿ. ತಾಳಿ ತೆಗೆಯುವುದಿಲ್ಲ ಅನ್ನುವವರು ಮಲಗುವ ಮುಂಚೆ ಕೊಂಡಿಯನ್ನು ಮುಂದಕ್ಕೆ ತಿರುಗಿಸಿಕೊಂಡರೆ ಸಾಕು.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆದ್ದರಿಂದ ಎರಡೇ ವಾರಕ್ಕೆ ಬೇಸರ ಮಾಡಿಕೊಳ್ಳಬೇಡಿ. ಮೂರು ತಿಂಗಳಾದ ಮೇಲೆ ಅದೇ ಬಿಳಿ ಕಾಗದ ಹಿಡಿದು ಇನ್ನೊಂದು ಫೋಟೊ ತೆಗೆದು ಹೋಲಿಸಿ. ನಡುವೆ ನುಣ್ಣಗೆ ದುಂಡಗೆ ಬೋಳಾದ ಜಾಗ, ಹೊಟ್ಟು, ಕೀವು, ಉರಿ ಕಂಡರೆ ಕಾಯದೆ ಚರ್ಮದ ವೈದ್ಯರಿಗೆ ತೋರಿಸಿ. ವಿಕ್ಟೋರಿಯಾ, ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲೂ ಚರ್ಮರೋಗ ವಿಭಾಗ ಇದೆ.

ಪ್ರಶ್ನೆ: ಮೇಡಂ, ನನ್ನ ಮಗಳು ಆರನೇ ಕ್ಲಾಸು. ಸ್ಕೂಲಿಗೆ ಎರಡು ಜಡೆ ಮಡಿಸಿ ರಿಬ್ಬನ್ ಕಟ್ಟಲೇಬೇಕು. ಅವಳಿಗೂ ಕತ್ತಿನ ಹಿಂದೆ ಕೂದಲು ತೆಳ್ಳಗಾಗಿದೆ, ತುರಿಕೆ ಅಂತಾಳೆ. ರಾತ್ರಿ ಅದೇ ಜಡೆಯಲ್ಲೇ ಮಲಗುತ್ತಾಳೆ.
— ಒಬ್ಬ ತಾಯಿ, ವಿಜಯನಗರ

ಉತ್ತರ: ತುರಿಕೆ ಅಂದ ಕೂಡಲೇ ಮೊದಲು ಹೇನು, ಸೀರು ನೋಡಿ. ಅವು ಹೆಚ್ಚಾಗಿ ಕಿವಿಯ ಹಿಂದೆ, ಕತ್ತಿನ ಹಿಂದೆಯೇ ಸೇರಿಕೊಳ್ಳುತ್ತವೆ. ಸಿಕ್ಕಿದರೆ ಮನೆಯವರೆಲ್ಲರ ತಲೆಯನ್ನೂ ನೋಡಬೇಕು. ಮಗುವನ್ನು ಬೈಯಬೇಡಿ, ಸ್ಕೂಲಿನಲ್ಲಿ ಯಾರಿಗೆ ಬೇಕಾದರೂ ಬರುತ್ತದೆ.

ಹೇನಿಲ್ಲದಿದ್ದರೆ ಜಡೆಯ ಬಿಗಿಯೇ ಕಾರಣ ಇರಬಹುದು. ದಿನವೂ ಬಿಗಿಯಾಗಿ ಎಳೆದು ಕಟ್ಟಿದರೆ ಬುಡಕ್ಕೇ ಪೆಟ್ಟು ಬೀಳುತ್ತದೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಆ ಜಾಗದಲ್ಲಿ ಕೂದಲು ಮತ್ತೆ ಹುಟ್ಟದೇ ಹೋಗಬಹುದು. ಜಡೆ ಹಾಕುವಾಗ ಅವಳ ಹುಬ್ಬು ಮೇಲೆ ಎಳೆದ ಹಾಗಾದರೆ ಅದು ಬಿಗಿ. ಅವಳು ‘ನೋವು’ ಅಂದರೆ ‘ಸುಮ್ನೆ ಕೂತ್ಕೋ’ ಅನ್ನದೆ ಅಲ್ಲೇ ಸಡಿಲಿಸಿ. ಸ್ಕೂಲಿನಿಂದ ಬಂದ ಕೂಡಲೇ ಜಡೆ ಬಿಚ್ಚಿ, ರಾತ್ರಿಗೆ ಬೇರೆ ಸಡಿಲ ಜಡೆ ಒಂದು ಹಾಕಿ. ಬೈತಲೆಯನ್ನೂ ಆಗಾಗ ಸ್ವಲ್ಪ ಪಕ್ಕಕ್ಕೆ ಬದಲಿಸಿ.

ಪ್ರಶ್ನೆ: ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸ್ಯಾಟಿನ್ ಟೋಪಿ ಹಾಕಿ ಮಲಗಬಹುದಾ?
— ಮಲ್ಲೇಶ್ವರದ ಓದುಗರು

ಉತ್ತರ: ಮಲಗಬಹುದು, ತಲೆಸ್ನಾನದ ಹಿಂದಿನ ರಾತ್ರಿ ಮಾತ್ರ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿಯುತ್ತದೆ, ತೊಳೆಯುವಾಗ ಆಗುವ ಹಾನಿ ಕಡಿಮೆಯಾಗುತ್ತದೆ. ಒಂದು ಚಮಚ ಸಾಕು, ತುದಿಗಳಿಗೆ ಹಚ್ಚಿ. ಜಾಸ್ತಿ ಹಚ್ಚಿದರೆ ಕತ್ತಿನ ಹಿಂದೆ ಇಳಿದು ಬೆವರಿನ ಜೊತೆ ಸೇರಿ ಗುಳ್ಳೆ ಏಳುತ್ತವೆ. ಟೋಪಿಯನ್ನು ವಾರಕ್ಕೊಮ್ಮೆ ಒಗೆಯಿರಿ. ಎಣ್ಣೆ ಹಚ್ಚಿದ ರಾತ್ರಿ ಹಾಕಿಕೊಂಡಿದ್ದರೆ ಮಾರನೇ ದಿನವೇ ಒಗೆಯಿರಿ.