ಆಂಬಿಷನ್ ಪದದೊಳಗೆ ಓಟು ಕೇಳುವ ಓಡಾಟ

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಆಂಬಿಷನ್ ಅಂದರೆ ಮಹತ್ವಾಕಾಂಕ್ಷೆ ಎಂದು ಬರೆಸಿದೆ. ಅದರ ಮೂಲ ಅರ್ಥ 'ಸುತ್ತಾಡುವುದು' ಎಂದು ಒಬ್ಬ ಹುಡುಗಿ ನಿಘಂಟು ತಂದು ತೋರಿಸಿದಳು. ಆಸೆಗೂ ಸುತ್ತಾಟಕ್ಕೂ ಏನು ಸಂಬಂಧ?
– ಶಿಕ್ಷಕಿ, ಹಾಸನ

ಉತ್ತರ: ಆ ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಅವಳು ಹೇಳಿದ್ದು ಸರಿ.

ಲ್ಯಾಟಿನ್‌ನಲ್ಲಿ 'ಅಂಬಿ' ಅಂದರೆ ಸುತ್ತಲೂ, 'ಈರೆ' ಅಂದರೆ ಹೋಗುವುದು. ಎರಡೂ ಸೇರಿದರೆ 'ಅಂಬೀರೆ', ಸುತ್ತಿ ಬರುವುದು. ಹಳೆಯ ರೋಮ್‌ನಲ್ಲಿ ಚುನಾವಣೆಗೆ ನಿಂತವರು ಓಟಿಗಾಗಿ ಹೀಗೆ ಸುತ್ತುತ್ತಿದ್ದರು. ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ಟೋಗಾ ಎಂಬ ಉದ್ದನೆಯ ಬಟ್ಟೆ ಉಟ್ಟು ಊರ ಚೌಕಕ್ಕೆ ಬರುತ್ತಿದ್ದರು. ಸಿಕ್ಕವರ ಕೈ ಹಿಡಿದು ಮಾತಾಡಿಸುತ್ತಿದ್ದರು. ಎದುರಿಗೆ ಬರುವವರ ಹೆಸರನ್ನು ಕಿವಿಯಲ್ಲಿ ಹೇಳಿಕೊಡಲು ಪಕ್ಕದಲ್ಲೇ ಒಬ್ಬ ಗುಲಾಮ ಇರುತ್ತಿದ್ದ. ಬೆಳ್ಳಗೆ ಹೊಳೆಯುವುದಕ್ಕೆ ಅವರು 'ಕಾಂಡಿಡುಸ್' ಎನ್ನುತ್ತಿದ್ದರು. ಕ್ಯಾಂಡಿಡೇಟ್ ಪದ ಹುಟ್ಟಿದ್ದು ಆ ಬಟ್ಟೆಯಿಂದಲೇ!

ಈ ಓಡಾಟಕ್ಕೆ 'ಅಂಬಿತಿಯೊ' ಎಂದು ಹೆಸರಾಯಿತು. ಓಟಿಗೆ ದುಡ್ಡು ಹಂಚಿದರೆ ಅದು 'ಅಂಬಿತುಸ್' ಎಂಬ ಅಪರಾಧ. ಕ್ರಿ.ಪೂ. 63ರಲ್ಲಿ ಕಾನ್ಸಲ್, ಅಂದರೆ ರೋಮ್‌ನ ಉನ್ನತ ಚುನಾಯಿತ ಅಧಿಕಾರಿ, ಆಗಿದ್ದ ಸಿಸೆರೊ ತಂದ ಕಾನೂನಿನಲ್ಲಿ ಇದಕ್ಕೆ 10 ವರ್ಷ ಗಡಿಪಾರು.

ಮನೆ ಮನೆ ಸುತ್ತುವವನ ಮನಸ್ಸಿನಲ್ಲಿ ಪದವಿಯ ಆಸೆ ಇರುತ್ತದೆ, ಅಲ್ವಾ? ಪದ ಮೆಲ್ಲಗೆ ಕಾಲಿನಿಂದ ಮನಸ್ಸಿಗೆ ಸರಿಯಿತು. 14ನೇ ಶತಮಾನದಲ್ಲಿ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಾಗಲೂ ಅದು ಒಳ್ಳೆಯ ಗುಣವಾಗಿರಲಿಲ್ಲ. ಪದವಿ, ಮರ್ಯಾದೆಗಾಗಿ ಅತಿಯಾಗಿ ಹಪಹಪಿಸುವುದೇ ಆಂಬಿಷನ್ ಆಗಿತ್ತು. ಮೆಚ್ಚುಗೆಯ ಅರ್ಥ ಸೇರಿಕೊಂಡಿದ್ದು ಆಮೇಲೆ. ಇಂಗ್ಲಿಷಿನಲ್ಲಿ ಇವತ್ತಿಗೂ ಈ ಪದ ಕೆಲವೊಮ್ಮೆ ಬೈಗುಳದಂತೆ ಕೇಳಿಸುವುದು ಇದಕ್ಕೇ. ಇದನ್ನು ಮಕ್ಕಳಿಗೆ ಖಂಡಿತ ಹೇಳಬೇಕು.

ಹಾಗಂತ ನೀವು ಬರೆಸಿದ ಅರ್ಥವನ್ನು ಹೊಡೆದುಹಾಕಬೇಡಿ. ಇವತ್ತಿನ ಬಳಕೆಗೆ ಮಹತ್ವಾಕಾಂಕ್ಷೆ ಸರಿಯಾಗಿಯೇ ಹೊಂದುತ್ತದೆ. ಆದರೆ ನಮ್ಮ ಪದ ಹುಟ್ಟಿದ್ದೇ 'ಆಕಾಂಕ್ಷೆ'ಯಿಂದ, ಬಯಕೆಯಿಂದ. ಅದಕ್ಕೆ ಬೀದಿ ಸುತ್ತಿದ ನೆನಪಿಲ್ಲ.

ಇನ್ನೊಂದು ವಿಷಯ ನಿಮ್ಮ ಕ್ಲಾಸಿಗೆ ಇಷ್ಟವಾಗಬಹುದು. ಸಂಸ್ಕೃತದಲ್ಲಿ 'ಅಭಿತಃ' ಅಂದರೆ ಸುತ್ತಲೂ, 'ಏತಿ' ಅಂದರೆ ಹೋಗುತ್ತಾನೆ. ಲ್ಯಾಟಿನ್‌ನ 'ಅಂಬಿ', 'ಈರೆ' ಇವಕ್ಕೆ ನೇರ ನೆಂಟರು. ಎಕ್ಸಿಟ್, ಟ್ರಾನ್ಸಿಟ್ ಪದಗಳಲ್ಲಿ ಇರುವುದೂ ಅದೇ 'ಈರೆ'. ಹೋಟೆಲಿಗೆ ಹೋದಾಗ 'ಆಂಬಿಯೆನ್ಸ್ ಚೆನ್ನಾಗಿದೆ' ಅನ್ನುತ್ತೇವಲ್ಲ, ಅದೂ ಅಂಬೀರೆಯ ಮಗುವೇ: ನಮ್ಮನ್ನು ಸುತ್ತುವರಿದದ್ದು.