ಆಟಿಸಂ ಇರುವ ಮಗನಿಗೆ ಸಸಿ ಕೆಲಸ: ಕೊನೆಯಿಂದ ಶುರು ಮಾಡಿ

ಅಕ್ಕಾ, ನಿಮ್ಮ ಮಗನಿಗೆ 19, ಆಟಿಸಂ ಇದೆ, ಮಾತು ಕಡಿಮೆ, ಪ್ರೋಟ್ರೇ (ಸಸಿ ಬೆಳೆಸೋ ಗುಳಿಗಳ ಟ್ರೇ) ತುಂಬಲು ಕೂರಿಸಿದರೆ ಅರ್ಧಕ್ಕೇ ಎದ್ದು ಹೋಗ್ತಾನೆ ಅಂದಿದ್ದೀರಿ. ಕೈಬಿಡಬೇಡಿ, ಖಂಡಿತ ಕಲೀತಾನೆ. ನನ್ನ ಅಕ್ಕನ ಮಗ ನಾಲ್ಕು ವರ್ಷದಿಂದ ನಮ್ಮ ನರ್ಸರಿಯಲ್ಲಿ ಇದೇ ಕೆಲಸ ಮಾಡ್ತಿದ್ದಾನೆ.

ಮೊದಲು ಅವನು ಎದ್ದು ಹೋಗೋದು ಯಾವಾಗ ಅಂತ ಎರಡು ದಿನ ಸುಮ್ಮನೆ ನೋಡಿ. ನಮ್ಮ ಹುಡುಗ ನೀರಿನ ಮೋಟರ್ ಹಾಕಿದ ಕೂಡಲೇ ಸದ್ದಿಗೆ ಓಡ್ತಿದ್ದ. ಸೋಮಾರಿತನ ಅಂದುಕೊಂಡು ಗದರಿದ್ದೆ, ಈಗಲೂ ನೆನೆದರೆ ಸಂಕಟ ಆಗುತ್ತೆ. ಅವನ ಜಾಗವನ್ನ ಪಂಪಿನಿಂದ ದೂರ ಹಾಕಿದ ಮೇಲೆ ಕೂತ.

ಇನ್ನೊಂದು, "ಟ್ರೇ ತುಂಬು" ಅನ್ನೋದು ಒಂದು ಕೆಲಸ ಅಲ್ಲ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉದುರಿಸಬೇಕು, ತೇವ ನೋಡಬೇಕು, ಟ್ರೇಗೆ ಸುರಿದು ಸವರಬೇಕು, ಬೆರಳಲ್ಲಿ ಗುಳಿ ಒತ್ತಬೇಕು, ಬೀಜ ಹಾಕಬೇಕು, ಮುಚ್ಚಬೇಕು. ಒಬ್ಬ ವಿಶೇಷ ಶಿಕ್ಷಕಿ ನಮಗೆ ಇದನ್ನ ಹಿಂದಿನಿಂದ ಕಲಿಸಿ ಅಂದರು. ಉಳಿದಿದ್ದೆಲ್ಲ ಅವನೆದುರಿಗೇ ನೀವು ಮಾಡಿ, ಮುಚ್ಚೋದು ಮಾತ್ರ ಅವನಿಗೆ ಬಿಡಿ. ಟ್ರೇ ಮುಗಿಸಿದವನು ಅವನೇ ಆಗ್ತಾನೆ. ಅದು ಕೈಗೆ ಹತ್ತಿದ ಮೇಲೆ ಬೀಜ ಹಾಕೋದನ್ನ ಸೇರಿಸಿ, ಆಮೇಲೆ ಗುಳಿ ಒತ್ತೋದು. ನಮಗೆ ಪೂರ್ತಿ ಬರಲು ಐದು ತಿಂಗಳು ಹಿಡೀತು.

ಎಷ್ಟು ಕೆಲಸ ಅನ್ನೋದು ಕಣ್ಣಿಗೆ ಕಾಣಬೇಕು. ಎಡಕ್ಕೆ ಐದು ಖಾಲಿ ಟ್ರೇ, ಮುಗಿದದ್ದು ಬಲಕ್ಕೆ. ಎಡಗಡೆ ಖಾಲಿಯಾದರೆ ಮುಗೀತು, ಇನ್ನೊಂದು ಮಾಡು ಅನ್ನಲೇಬಾರದು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1970ರ ದಶಕದಲ್ಲಿ ಬೆಳೆದ, ಆಟಿಸಂ ಇರುವವರಿಗೆ ಕಲಿಸೋ ಟೀಚ್ (TEACCH) ಪದ್ಧತಿಯಲ್ಲೂ ಕೆಲಸ ಜೋಡಿಸೋದು ಹೀಗೇ. ಬೀಜ ಕೂಡ 98 ಗುಳಿಗೆ 98 ಎಣಿಸಿ ಬಾಟಲಿ ಮುಚ್ಚಳದಲ್ಲಿ ಕೊಡ್ತೀವಿ. ಕೊನೆಗೆ ಒಂದು ಉಳಿದರೆ ನಮ್ಮ ಹುಡುಗ ಸಾಲು ಸಾಲಾಗಿ ಬೆರಳಾಡಿಸಿ ತಪ್ಪಿದ ಗುಳಿ ಹುಡುಕ್ತಾನೆ. ನಾನಾಗಿದ್ದರೆ ಬಿಟ್ಟುಬಿಡ್ತಿದ್ದೆ.

ಕೂಲಿ ಎಷ್ಟೇ ಇರಲಿ, ಅವನ ಕೈಗೇ ಕೊಡಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಲ್ಲದಿದ್ದರೆ ಮಾಡಿಸಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಇದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯನ್ನೂ ವಿಚಾರಿಸಿ.

ಶುರುವಿಗೆ ಟೊಮೆಟೊ ಬೇಡ, ಬೀಜ ಬೆರಳಿಗೆ ಸಿಗಲ್ಲ. ಸಿಹಿಕುಂಬಳ ತಗೊಳ್ಳಿ, ದೊಡ್ಡ ಗುಳಿಯ ಟ್ರೇ ಇಡಿ. ಮೊದಲ ದಿನ ಒಂದೇ ಟ್ರೇ ಸಾಕು.