ಷೇರು, ಫಂಡು, ಠೇವಣಿ ಎಲ್ಲ ಒಂದೇ ಕಡೆ ನೋಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ದಾವಣಗೆರೆಯಿಂದ ನೀವು ಕೇಳಿರುವುದು ಇಷ್ಟು: ಷೇರು ಇಡುವ ಎರಡು ಡಿಮ್ಯಾಟ್ ಖಾತೆ, ಮೂರು ಆ್ಯಪ್‌ಗಳಲ್ಲಿ ಎಸ್‌ಐಪಿ (ಫಂಡಿಗೆ ಕಟ್ಟುವ ತಿಂಗಳ ಕಂತು), ಅಂಚೆ ಕಚೇರಿಯಲ್ಲಿ ಎನ್‌ಎಸ್‌ಸಿ (ಉಳಿತಾಯ ಪತ್ರ), ಊರಿನ ಸೊಸೈಟಿಯಲ್ಲಿ ಠೇವಣಿ. ಒಟ್ಟು ಎಷ್ಟಿದೆ, ಎಷ್ಟು ಬೆಳೆದಿದೆ ಅಂತ ತಿಳಿಯಲು ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ, ದುಡ್ಡು ಕೊಟ್ಟು ಕೊಳ್ಳಬೇಕೇ?

ನಾನೂ ದಾವಣಗೆರೆಯವನೇ, ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಂದು ಗೂಗಲ್ ಶೀಟ್ ತೆರೆದು, ಕೊಂಡಿದ್ದು ಮಾರಿದ್ದು ಎಲ್ಲವನ್ನೂ ನೀವೇ ಬರೆದಿಡಿ. ಆಮೇಲೆ ಯಾವ ಆ್ಯಪ್ ಇಟ್ಟುಕೊಂಡರೂ ಸರಿ. ದುಡ್ಡು ಕೊಡುವುದು ಬೇಡ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಕೆಲವು ವರ್ಷ ಒಂದು ಉಚಿತ ಆ್ಯಪ್ ನಂಬಿಕೊಂಡಿದ್ದೆ. ಅದು ಮುಚ್ಚುವ ಹೊತ್ತಿಗೆ ಫೈಲ್ ಇಳಿಸಿಕೊಳ್ಳಿ ಅಂದರು, ಇಳಿಸಿಕೊಂಡೆ. ತೆರೆದು ನೋಡಿದರೆ ಪ್ರತಿ ಷೇರಿನ ಸಂಖ್ಯೆ, ಸರಾಸರಿ ಬೆಲೆ, ಅಷ್ಟೇ. ಯಾವ ದಿನ ಎಷ್ಟು ಕೊಂಡೆ ಅನ್ನುವುದೇ ಇಲ್ಲ. ಮಾರುವಾಗ ತೆರಿಗೆಗೆ ಬೇಕಾಗುವುದು ಆ ದಿನಾಂಕವೇ. 2024ರ ಜುಲೈ 23ರಿಂದ ಷೇರು ಮತ್ತು ಈಕ್ವಿಟಿ (ಷೇರಿನಲ್ಲಿ ಹೂಡುವ) ಫಂಡನ್ನು ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇ 20. ವರ್ಷ ದಾಟಿದ್ದರೆ ಆ ಹಣಕಾಸು ವರ್ಷದಲ್ಲಿ 1.25 ಲಕ್ಷ ಮೀರಿದ ಲಾಭಕ್ಕೆ ಶೇ 12.5. ಮೊದಲು ಕೊಂಡದ್ದನ್ನೇ ಮೊದಲು ಮಾರಿದಂತೆ ಲೆಕ್ಕ ಹಿಡಿಯುತ್ತಾರೆ. 2018ರ ಜನವರಿ 31ರವರೆಗೆ ಕೊಂಡಿದ್ದರೆ ಆ ದಿನದ ಬೆಲೆಯೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಇಮೇಲ್‌ನಲ್ಲಿದ್ದ ಕಾಂಟ್ರ್ಯಾಕ್ಟ್ ನೋಟುಗಳನ್ನು (ಬ್ರೋಕರ್ ಕಳಿಸುವ ಖರೀದಿ-ಮಾರಾಟದ ಚೀಟಿ) ಒಂದೊಂದಾಗಿ ತೆಗೆದು, ಪಾಸ್‌ಬುಕ್ಕಿನ ಜೊತೆ ತಾಳೆ ನೋಡಿ ಮತ್ತೆ ಬರೆಯಲು ನನಗೆ ಎಷ್ಟೋ ಭಾನುವಾರಗಳು ಹಿಡಿದವು.

ನಮ್ಮ ಅಪ್ಪ ಮಂಡಿಪೇಟೆಯ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ದಿನದ ವ್ಯವಹಾರ ಕಿರ್ದಿಗೆ, ಅಲ್ಲಿಂದ ರೈತರ ಹೆಸರಿನ ಖಾತೆಗೆ. ಖಾತೆ ಪುಸ್ತಕ ನೆನೆದು ಹಾಳಾದರೂ ಕಿರ್ದಿ ಇದ್ದರೆ ಮತ್ತೆ ಬರೆಯಬಹುದು, ಕಿರ್ದಿ ಹೋದರೆ ಮುಗೀತು ಅನ್ನುತ್ತಿದ್ದರು. ಆ್ಯಪ್ ತೋರಿಸುವುದು ಖಾತೆ. ಕಿರ್ದಿ ನಿಮ್ಮ ಹತ್ತಿರ ಇರಬೇಕು.

ಶೀಟಿನಲ್ಲಿ ಒಂದು ವ್ಯವಹಾರಕ್ಕೆ ಒಂದು ಸಾಲು. ದಿನಾಂಕ, ಏನು, ಕೊಂಡಿದ್ದೋ ಮಾರಿದ್ದೋ ಡಿವಿಡೆಂಡೋ, ಎಷ್ಟು ಯೂನಿಟ್, ಬೆಲೆ, ಖರ್ಚು, ಯಾವ ಖಾತೆ, ಯಾರ ಹೆಸರು. ಷೇರಿನ ಇವತ್ತಿನ ಬೆಲೆಯನ್ನು ಶೀಟಿನ ಗೂಗಲ್‌ಫೈನಾನ್ಸ್ ಫಾರ್ಮುಲಾ ತಂದುಕೊಡುತ್ತದೆ. 20 ನಿಮಿಷದವರೆಗೆ ತಡವಾಗಬಹುದು, ನಮಗೆ ಅದರಿಂದ ಏನೂ ಆಗುವುದಿಲ್ಲ. ಫಂಡುಗಳ ಎನ್‌ಎವಿಯನ್ನು, ಅಂದರೆ ಒಂದು ಯೂನಿಟ್‌ನ ಬೆಲೆಯನ್ನು, ಫಂಡ್ ಕಂಪನಿಗಳ ಸಂಘವಾದ ಆಂಫಿ ತನ್ನ ಜಾಲತಾಣದಲ್ಲಿ ಪ್ರತಿ ವ್ಯವಹಾರದ ದಿನ ಹಾಕುತ್ತದೆ. ನಾನು ತಿಂಗಳಿಗೊಮ್ಮೆ ಅಲ್ಲಿಂದ ನೋಡಿ ಕೈಯಲ್ಲೇ ತುಂಬುತ್ತೇನೆ.

"ಎಷ್ಟು ಬೆಳೆದಿದೆ" ಅಂದಿರಲ್ಲ, ಅಲ್ಲೇ ಬಹಳ ಜನ ಮೋಸಹೋಗುವುದು. ತಿಂಗಳಿಗೆ 5,000ದಂತೆ ವರ್ಷವಿಡೀ ಎಸ್‌ಐಪಿ ಕಟ್ಟಿದ್ದೀರಿ, 60,000 ಆಯಿತು. ವರ್ಷದ ಕೊನೆಗೆ ಅದರ ಬೆಲೆ 64,000 ಅಂತಿಟ್ಟುಕೊಳ್ಳಿ. ಬರೀ ಲಾಭವನ್ನು ಅಸಲಿನಿಂದ ಭಾಗಿಸಿದರೆ ಶೇ 6.67, ಇದಕ್ಕಿಂತ ಎಫ್‌ಡಿ ಆಗಬಹುದಿತ್ತಲ್ಲ ಅನಿಸುತ್ತದೆ. ಆದರೆ ಕೊನೆಯ ಕಂತು ಕಟ್ಟಿ ತಿಂಗಳಷ್ಟೇ ಆಗಿದೆ. ಪ್ರತಿ ಕಂತು ಎಷ್ಟು ದಿನ ದುಡಿಯಿತು ಅನ್ನುವುದನ್ನು ಲೆಕ್ಕಕ್ಕೆ ಹಿಡಿದರೆ ವರ್ಷಕ್ಕೆ ಸುಮಾರು ಶೇ 12.5. ಇನ್ನೊಂದು ಕಡೆ ಆರು ವರ್ಷದ ಹಿಂದೆ ಕೊಂಡ ಷೇರು ಇವತ್ತು ಎರಡರಷ್ಟಾಗಿದೆ, ಆ್ಯಪ್ ಹಸಿರು ಅಕ್ಷರದಲ್ಲಿ ಶೇ 100 ಅನ್ನುತ್ತದೆ. ವರ್ಷಕ್ಕೆ ಹಾಕಿದರೆ ಅದು ಸುಮಾರು ಶೇ 12.2. ಎರಡೂ ಹೆಚ್ಚುಕಡಿಮೆ ಒಂದೇ! ಈ ಲೆಕ್ಕದ ಫಾರ್ಮುಲಾ ಹೆಸರು ಎಕ್ಸ್‌ಐಆರ್‌ಆರ್. ಎಕ್ಸೆಲ್, ಗೂಗಲ್ ಶೀಟ್, ಲಿಬ್ರೆಆಫೀಸ್ ಮೂರರಲ್ಲೂ ಇದೆ. ದಿನಾಂಕ ಒಂದು ಕಾಲಂ, ಕಟ್ಟಿದ ಹಣ ಮೈನಸ್‌ನಲ್ಲಿ, ಕೊನೆಯ ಸಾಲಿನಲ್ಲಿ ಇವತ್ತಿನ ಬೆಲೆ ಪ್ಲಸ್‌ನಲ್ಲಿ. ಇದನ್ನು ತೋರಿಸದ ಸಾಫ್ಟ್‌ವೇರ್ ನನಗಂತೂ ಬೇಡ.

ಆ್ಯಪ್ ಬೇಕೇ ಬೇಕು ಅಂದರೆ ನಾನು ಮಾಡುವ ಒಂದು ಪರೀಕ್ಷೆ ಹೇಳುತ್ತೇನೆ. 2023ರ ಜುಲೈನಲ್ಲಿ ರಿಲಯನ್ಸ್‌ನಿಂದ ಜಿಯೋ ಫೈನಾನ್ಷಿಯಲ್ ಬೇರೆಯಾಯಿತು, ರಿಲಯನ್ಸ್‌ನ ಒಂದು ಷೇರಿಗೆ ಅದರದ್ದೊಂದು ಬಂತು. ರಿಲಯನ್ಸ್ ಕೊಂಡ ಬೆಲೆಯಲ್ಲಿ ಶೇ 4.68 ಜಿಯೋಗೆ ಹೋಗಬೇಕು. 2,000ಕ್ಕೆ ಕೊಂಡಿದ್ದರೆ 93 ರೂಪಾಯಿ 60 ಪೈಸೆ. ಕೊಂಡ ದಿನಾಂಕವೂ ರಿಲಯನ್ಸ್‌ನದ್ದೇ. ಈ ಹಳೆಯ ಖರೀದಿಯನ್ನು ಆ್ಯಪ್‌ಗೆ ತುಂಬಿ ನೋಡಿ. ಜಿಯೋ ಷೇರು ಸೊನ್ನೆ ಬೆಲೆಗೆ ಬಂದಂತೆ ತೋರಿಸಿದರೆ ಬೋನಸ್ (ಉಚಿತವಾಗಿ ಬರುವ ಷೇರು), ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಒಡೆಯುವುದು) ಬಂದಾಗಲೂ ಅದರ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬೇಡಿ. ಅದು ಪಾಸಾದರೆ, ದಿನಾಂಕ ಸಮೇತ ಪ್ರತಿ ವ್ಯವಹಾರವನ್ನೂ ಫೈಲಾಗಿ ಹೊರಗೆ ತೆಗೆಯಲು ಬರುತ್ತದೆಯೇ ನೋಡಿ. ಸೇರುವ ಮೊದಲ ದಿನವೇ ನೋಡಿ. ಇಡೀ ಇಮೇಲ್ ಓದಲು ಅನುಮತಿ ಕೇಳುವ ಆ್ಯಪ್‌ಗೆ ನಾನು ಕೊಡುವುದಿಲ್ಲ. ಸಿಎಎಸ್ (ಎಲ್ಲ ಹೂಡಿಕೆಗಳ ಒಟ್ಟು ಲೆಕ್ಕಪಟ್ಟಿ) ಪಿಡಿಎಫ್ ಒಂದನ್ನೇ ಕೊಟ್ಟರೂ ಕೆಲಸ ಆಗುತ್ತದೆ.

ಕಂಪ್ಯೂಟರ್ ಇದ್ದರೆ ಪೋರ್ಟ್‌ಫೋಲಿಯೊ ಪರ್ಫಾರ್ಮೆನ್ಸ್ ಎಂಬ ಉಚಿತ ತಂತ್ರಾಂಶ ಇದೆ, ಮುಕ್ತ ಮೂಲದ್ದು. ಫೈಲ್ ನಿಮ್ಮ ಯಂತ್ರದಲ್ಲೇ ಉಳಿಯುತ್ತದೆ, ಪಾಸ್‌ವರ್ಡ್ ಹಾಕಿಡಬಹುದು. ಜಮಾ-ಖರ್ಚು ಗೊತ್ತಿರುವವರಿಗೆ ಗ್ನುಕ್ಯಾಶ್ ಕೂಡ ಹಿಡಿಸುತ್ತದೆ. ಎರಡಕ್ಕೂ ಮೊದಮೊದಲು ಸ್ವಲ್ಪ ತಾಳ್ಮೆ ಬೇಕು.

ಸೊಸೈಟಿ ಠೇವಣಿ, ಎನ್‌ಎಸ್‌ಸಿ ಇವು ಸಿಎಎಸ್‌ನಲ್ಲಿ ಬರುವುದಿಲ್ಲ. ಹಾಗಾಗಿ ನಮ್ಮಂಥ ಊರಿನವರಿಗೆ ಶೀಟು ಇನ್ನೂ ಮುಖ್ಯ. ಬಾಂಡ್ ನಂಬರ್, ಮುಗಿಯುವ ದಿನ, ನಾಮಿನಿ ಬರೆಯಿರಿ. ಜೊತೆಗೆ "ವಿಮೆ ಇದೆಯೇ" ಅಂತ ಒಂದು ಕಾಲಂ ಇಡಿ. ಬ್ಯಾಂಕ್ ಆದರೆ, ಸಹಕಾರಿ ಬ್ಯಾಂಕೂ ಸೇರಿ, ಒಂದು ಬ್ಯಾಂಕಿನಲ್ಲಿ ಒಬ್ಬರ ಹಣಕ್ಕೆ ಬಡ್ಡಿ ಸೇರಿ 5 ಲಕ್ಷದವರೆಗೆ ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ಸಂಸ್ಥೆ) ವಿಮೆ ಇದೆ. ಬ್ಯಾಂಕ್ ಅಲ್ಲದ ಪತ್ತಿನ ಸಹಕಾರ ಸಂಘದಲ್ಲಿ ಇಟ್ಟ ಹಣಕ್ಕೆ ಅದಿಲ್ಲ. ನಾನು ಆ ಕಾಲಂ ತುಂಬಿದ ಮೇಲೆಯೇ ನಮ್ಮತ್ತೆಯವರ ಠೇವಣಿಯ ಒಂದು ಭಾಗವನ್ನು ಬ್ಯಾಂಕಿಗೆ ಬದಲಾಯಿಸಿದೆವು.

ಇವತ್ತು ರಾತ್ರಿ ಶುರುಮಾಡುವುದಾದರೆ ಫಂಡುಗಳ ದಾಖಲೆ ಇಡುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಜಾಲತಾಣದಲ್ಲಿ ವಿವರವಾದ ಸಿಎಎಸ್ ಕೇಳಿ. ನೀವು ಮೊದಲ ಎಸ್‌ಐಪಿ ಕಟ್ಟಿದ ದಿನದಿಂದ ಇವತ್ತಿನವರೆಗಿನ ಅವಧಿ ಕೊಡಿ, ಖಾಲಿಯಾದ ಫೋಲಿಯೊಗಳೂ (ಫಂಡ್ ಕಂಪನಿಯಲ್ಲಿನ ನಿಮ್ಮ ಖಾತೆಗಳು) ಬರಲಿ. ಡಿಮ್ಯಾಟ್‌ನಲ್ಲಿ ಇಟ್ಟವನ್ನು ಬಿಟ್ಟು ಮೂರೂ ಆ್ಯಪ್‌ಗಳ ಫಂಡುಗಳು ಪ್ರತಿ ಕಂತಿನ ದಿನಾಂಕದೊಂದಿಗೆ ಒಂದೇ ಪಿಡಿಎಫ್‌ನಲ್ಲಿ ಇಮೇಲ್‌ಗೆ ಬರುತ್ತವೆ. ಬೇರೆ ಇಮೇಲ್ ಕೊಟ್ಟು ತೆರೆದ ಫೋಲಿಯೊ ಇದ್ದರೆ ಅದು ಈ ಪಟ್ಟಿಯಲ್ಲಿ ಕಾಣದೇ ಹೋಗಬಹುದು. ಅಂಥದ್ದು ಒಂದಾದರೂ ಇದ್ದರೆ ಇಮೇಲ್, ಮೊಬೈಲ್ ನಂಬರ್ ಸರಿಪಡಿಸುವ ಕೆಲಸ ಮೊದಲು ಮುಗಿಸಿ, ಶೀಟು ಆಮೇಲೆ.